ಅಕ್ಕನ ಮನೆಗೆ ಹೋಗಲು ಅಪ್ಪಣೆ

ಅಕ್ಕ ಉತ್ತರ ಕೆರೊಲಿನಾಕ್ಕೆ ಬಂದು ಅಂದಿಗೆ 128 ದಿನವಾಗಿತ್ತು. ನಾನು ಅಲ್ಲಿಗೆ ಹೋಗಿ ಅವಳ ಮನೆಯಲ್ಲಿ ನೆಲೆಸಲು ಅಪ್ಪಣೆ ಸಿಗಬೇಕಾದರೆ ನಿಯಮಕ್ಕೆ ಬೇಕಾಗಿದ್ದದ್ದು 180. ಅದು 2021ರ ನವೆಂಬರ್ ಮೊದಲ ವಾರ. ಟೆಕ್ಸಾಸಿನ ಡಲ್ಲಾಸ್ ಸಮೀಪದ ಪ್ರೊಬೇಷನ್ ಕಚೇರಿಯಲ್ಲಿ, ಅಂದರೆ ಸೆರೆಮನೆಯ ಬದಲು ಹೊರಗಿದ್ದು ಶಿಕ್ಷೆ ಅನುಭವಿಸುವವರ ಮೇಲೆ ಕಣ್ಣಿಡುವ ಕಚೇರಿಯಲ್ಲಿ, ನನ್ನ ಅಧಿಕಾರಿ ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದ ಬಿಡಿಸಿ ಮೇಜಿನ ಮೇಲಿಟ್ಟು, ಪೆನ್ಸಿಲಿನ ತುದಿಯಿಂದ ಜೂನ್ 28ರಿಂದ ಒಂದೊಂದೇ ತಿಂಗಳು ಎಣಿಸಿದರು. ಎರಡು ಸಲ ಎಣಿಸಿದರು. ಆಮೇಲೆ, "ಇನ್ನೂ 52 ದಿನ ಬಾಕಿ ಇದೆ. ಈಗ ಕಳಿಸಿದರೆ ಅರ್ಜಿ ವಾಪಸ್ ಬರುತ್ತದೆ. ಕಾಯುವುದು ಒಳ್ಳೆಯದು" ಎಂದರು.

ನಾನು ಹೊರಗೆ ಬಂದು ಕಾರಿನಲ್ಲಿ ಕುಳಿತು ಅಕ್ಕನಿಗೆ ಫೋನ್ ಮಾಡಿದೆ. ಡೆಟ್ರಾಯಿಟ್ ಕಡೆಯಿಂದ ಕ್ಯಾರಿ ಪಟ್ಟಣಕ್ಕೆ ಅವರು ಮನೆ ಬದಲಿಸಿದ್ದು ಭಾವನ ಕೆಲಸಕ್ಕಾಗಿ. ಎರಡು ತಿಂಗಳು ಮೊದಲೇ ಬಂದಿದ್ದರೆ ಆಗುತ್ತಿತ್ತಲ್ಲ ಎಂದು ಅಕ್ಕ ತನ್ನದೇ ತಪ್ಪೇನೋ ಎಂಬಂತೆ ಪೇಚಾಡಿಕೊಂಡಳು. ತಪ್ಪು ನನ್ನದು. ಅದನ್ನು ಮೊದಲು ಹೇಳಿಬಿಡುತ್ತೇನೆ.

ವಯಸ್ಸಾದ ದಂಪತಿ ನಡೆಸುತ್ತಿದ್ದ ಪೀಠೋಪಕರಣಗಳ ಅಂಗಡಿಯೊಂದರಲ್ಲಿ ನಾನು ಆರು ವರ್ಷ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಕೊನೆಯ 14 ತಿಂಗಳಲ್ಲಿ, ಇಲ್ಲದ ಸರಬರಾಜುದಾರರ ಹೆಸರಿನಲ್ಲಿ ಚೆಕ್ ಬರೆದು 38,400 ಡಾಲರನ್ನು ನನ್ನ ಕಡೆಗೆ ತಿರುಗಿಸಿಕೊಂಡೆ. ಗಂಡನ ಕೆಲಸ ಹೋಗಿತ್ತು, ಮನೆಯ ಸಾಲದ ಕಂತು ತಪ್ಪುತ್ತಿತ್ತು, ಎಲ್ಲವೂ ನಿಜ. ಆದರೆ ಕಂತು ತಪ್ಪಿದವರೆಲ್ಲ ಕದಿಯುವುದಿಲ್ಲ. ಮೊದಲ ಚೆಕ್ಕಿಗೆ ಸಹಿ ಹಾಕಿಸಿಕೊಳ್ಳುವಾಗ ನನ್ನ ಕೈ ನಡುಗಿತ್ತು. ಮೂರನೆಯದಕ್ಕೆ ನಡುಗಲಿಲ್ಲ. ಆ ವ್ಯತ್ಯಾಸ ನನಗೆ ಇಂದಿಗೂ ಭಯ ಹುಟ್ಟಿಸುತ್ತದೆ.

ಟೆಕ್ಸಾಸಿನಲ್ಲಿ 30,000ದಿಂದ 1,50,000 ಡಾಲರಿನೊಳಗಿನ ಕಳ್ಳತನ ಮೂರನೇ ದರ್ಜೆಯ ಫೆಲನಿ, ಅಂದರೆ ಗಂಭೀರ ಅಪರಾಧ. ಎರಡರಿಂದ ಹತ್ತು ವರ್ಷ ಸೆರೆವಾಸ ವಿಧಿಸಬಹುದು. 2021ರ ಮಾರ್ಚ್‌ನಲ್ಲಿ ನ್ಯಾಯಾಧೀಶರು ನನಗೆ ಸೆರೆವಾಸ ವಿಧಿಸಿ, ಅದನ್ನು ಅಮಾನತಿನಲ್ಲಿಟ್ಟು, ಐದು ವರ್ಷ ಪ್ರೊಬೇಷನ್ ಕೊಟ್ಟರು. ಅಂದು ಅಂಗಡಿಯ ಯಜಮಾನರು ನ್ಯಾಯಾಲಯದಲ್ಲಿ ಮಾತನಾಡಿದರು. ಬೈಯಲಿಲ್ಲ. "ಅಂಗಡಿಗೆ ಎರಡೇ ಬೀಗದ ಕೈ ಇದ್ದವು. ಒಂದು ನನ್ನ ಹತ್ತಿರ, ಇನ್ನೊಂದು ಈಕೆಯ ಹತ್ತಿರ" ಎಂದರು. ಮುಂದೆ ಮಾತು ಹೊರಡದೆ ಕುಳಿತುಬಿಟ್ಟರು. ನನಗೆ ಆದ ಶಿಕ್ಷೆಯಲ್ಲಿ ಅದಕ್ಕಿಂತ ಭಾರವಾದದ್ದು ಬೇರೊಂದಿಲ್ಲ.

ಭಾರತದಲ್ಲಿಯೂ ಪ್ರೊಬೇಷನ್ ಕುರಿತ 1958ರ ಕಾಯ್ದೆಯೊಂದಿದೆ, ಕರ್ನಾಟಕದಲ್ಲಿ ಪರಿವೀಕ್ಷಣಾಧಿಕಾರಿಗಳಿದ್ದಾರೆ. ಆದರೆ ನಮ್ಮ ಮನೆಗಳಲ್ಲಿ ಆ ಪದವನ್ನು ಯಾರೂ ಬಳಸಿದ್ದು ಕೇಳಿಲ್ಲ. ಪ್ರೊಬೇಷನ್ ಎಂದರೆ ಹೊಸ ಕೆಲಸಕ್ಕೆ ಸೇರಿದವರ ಮೊದಲ ಆರು ತಿಂಗಳು, ಅಷ್ಟೇ. ಇದು ಬೇರೆ. ಸೆರೆಮನೆಯ ಹೊರಗಿದ್ದರೂ ದಿನಗಳು ನ್ಯಾಯಾಲಯಕ್ಕೆ ಸೇರಿದ್ದು. ತಿಂಗಳಿಗೊಮ್ಮೆ ಕಚೇರಿಗೆ ಹೋಗಬೇಕು, ಮೇಲ್ವಿಚಾರಣೆಯ ಶುಲ್ಕ 60 ಡಾಲರ್ ಕಟ್ಟಬೇಕು, ಕರೆದ ದಿನ ಮೂತ್ರ ಪರೀಕ್ಷೆಗೆ ಹಾಜರಾಗಬೇಕು, ಆಹಾರ ಸಂಗ್ರಹದ ಉಗ್ರಾಣದಲ್ಲಿ ಸಂಬಳವಿಲ್ಲದೆ ದುಡಿಯಬೇಕು. ಬೇರೆಯವರ ಹಣ ಮುಟ್ಟುವ ಕೆಲಸ ಮಾಡಕೂಡದು. ಅಪ್ಪಣೆಯಿಲ್ಲದೆ ರಾಜ್ಯದ ಗಡಿ ದಾಟಕೂಡದು. ಮನೆ ಮಾರಿ ಬಂದ ನನ್ನ ಪಾಲಿನ 15,000 ಡಾಲರನ್ನು ತೀರ್ಪಿನ ದಿನವೇ ಕಟ್ಟಿದ್ದೆ. ಉಳಿದ 23,400 ಡಾಲರ್ ನಷ್ಟಭರ್ತಿಯನ್ನು ತಿಂಗಳಿಗೆ 390ರಂತೆ 60 ಕಂತುಗಳಲ್ಲಿ ಕೊಡಬೇಕಿತ್ತು.

ಅದೇ ವರ್ಷದ ಬೇಸಿಗೆಯಲ್ಲಿ ನಾನೂ ನನ್ನ ಗಂಡನೂ ಬೇರೆಯಾದೆವು. ನಾನು ಒಂದು ಬಾಡಿಗೆ ಕೋಣೆಯಲ್ಲಿದ್ದೆ. ಲೆಕ್ಕದ ಕೆಲಸ ಮಾಡುವಂತಿಲ್ಲ, ಬೇರೆ ಕೆಲಸದ ಅರ್ಜಿಗಳಲ್ಲಿ ಅಪರಾಧದ ಪ್ರಶ್ನೆಗೆ 'ಹೌದು' ಎಂದು ಬರೆದ ಮೇಲೆ ಯಾರೂ ಕರೆಯುತ್ತಿರಲಿಲ್ಲ. ಹೋಟೆಲಿನ ಕೋಣೆಗಳನ್ನು ಸ್ವಚ್ಛ ಮಾಡಿ ಕಂತು ಕಟ್ಟುತ್ತಿದ್ದೆ. ಒಂದು ರಾತ್ರಿ ಅಕ್ಕ, "ನೀನು ಇಲ್ಲಿಗೆ ಬಂದುಬಿಡು. ಮೇಲಿನ ಕೋಣೆ ಖಾಲಿ ಇದೆ. ಭಾವನೂ ಅದನ್ನೇ ಹೇಳುತ್ತಿದ್ದಾರೆ" ಎಂದಳು. ಬಟ್ಟೆ ತುಂಬಿಕೊಂಡು ಬಸ್ ಹತ್ತಿದರೆ ಆಯಿತು ಎಂಬಷ್ಟು ಸುಲಭವಾಗಿ ಹೇಳಿದಳು. ನಾನೂ ಆಗ ಹಾಗೆಯೇ ತಿಳಿದಿದ್ದೆ.

ಕಚೇರಿಯ ಕಾಯುವ ಕೊಠಡಿಯಲ್ಲಿ ಕಂಡ ಒಬ್ಬ ಯುವಕ ನಿಜಕ್ಕೂ ಹಾಗೆ ಮಾಡಿದ್ದ. ಒಕ್ಲಹೋಮಾದಲ್ಲಿ ಕೆಲಸ ಸಿಕ್ಕಿತೆಂದು ಹೋಗಿ, ಅಲ್ಲಿಂದ ಫೋನ್ ಮಾಡಿ ಅಧಿಕಾರಿಗೆ ತಿಳಿಸಿದ್ದನಂತೆ. ಒಳ್ಳೆಯ ಉದ್ದೇಶವೇ. ವಾರಂಟ್ ಹೊರಟಿತು. ಅವನು ಹೇಳಿದ ಒಂದು ಮಾತನ್ನು ನಾನು ಬಿಗಿಯಾಗಿ ಹಿಡಿದುಕೊಂಡೆ: ಹೋಗಿ ಕೇಳಬೇಡಿ, ಕೇಳಿ ಹೋಗಿ.

ಕೇಳುವುದು ಯಾರನ್ನು ಎಂಬುದೇ ಮೊದಲ ಪಾಠ. ಒಂದು ರಾಜ್ಯದಲ್ಲಿ ಪ್ರೊಬೇಷನ್ ಇರುವವರು ಇನ್ನೊಂದು ರಾಜ್ಯಕ್ಕೆ ಹೋಗಿ ನೆಲೆಸುವುದನ್ನು ವಯಸ್ಕ ಅಪರಾಧಿಗಳ ಮೇಲ್ವಿಚಾರಣೆಯ ಅಂತರರಾಜ್ಯ ಒಪ್ಪಂದ ಎಂಬುದು ನಿರ್ಧರಿಸುತ್ತದೆ. 1937ರಷ್ಟು ಹಿಂದೆಯೇ ಇಂಥ ಒಪ್ಪಂದ ಇತ್ತು. ಈಗಿರುವುದು 35 ರಾಜ್ಯಗಳು ಒಪ್ಪಿದ ಮೇಲೆ 2002ರ ಜೂನ್‌ನಲ್ಲಿ ಜಾರಿಗೆ ಬಂದದ್ದು. ಇಂದು 50 ರಾಜ್ಯಗಳೂ ಅದರಲ್ಲಿವೆ. ಅರ್ಜಿಯನ್ನು ನಾನು ನೇರವಾಗಿ ಉತ್ತರ ಕೆರೊಲಿನಾಕ್ಕೆ ಬರೆಯುವಂತಿಲ್ಲ. ನನ್ನ ಅಧಿಕಾರಿ ಟೆಕ್ಸಾಸಿನ ಒಪ್ಪಂದದ ಕಚೇರಿಗೆ, ಅದು ಅಲ್ಲಿಯ ಒಪ್ಪಂದದ ಕಚೇರಿಗೆ, ಅವರು ಅಕ್ಕನ ಊರಿನ ಅಧಿಕಾರಿಗೆ, ಹೀಗೆ ಗಣಕದ ಮೂಲಕ ಕೈಯಿಂದ ಕೈಗೆ ಹೋಗುತ್ತದೆ. ಹಾಗಾಗಿ ನಿಮ್ಮ ಅಧಿಕಾರಿಗೆ ನಿಮ್ಮ ಮೇಲೆ ನಂಬಿಕೆ ಇಲ್ಲದಿದ್ದರೆ ಕಾಗದ ಮೇಜು ಬಿಟ್ಟು ಏಳುವುದೇ ಇಲ್ಲ. ವರ್ಗಾವಣೆ ಹಕ್ಕಲ್ಲ, ಸೌಲಭ್ಯ ಎಂದು ಅವರು ಮೊದಲ ದಿನವೇ ಸ್ಪಷ್ಟಪಡಿಸಿದ್ದರು.

ಆದರೂ ಕೆಲವು ಷರತ್ತುಗಳು ಪೂರೈಸಿದ್ದರೆ ಎದುರು ರಾಜ್ಯ ಒಪ್ಪಿಕೊಳ್ಳಲೇಬೇಕು. ಮೇಲ್ವಿಚಾರಣೆಯ ಅವಧಿ 90 ದಿನಕ್ಕಿಂತ ಹೆಚ್ಚು ಉಳಿದಿರಬೇಕು. ಇಲ್ಲಿಯವರೆಗಿನ ಷರತ್ತುಗಳನ್ನು ಬಹುಮಟ್ಟಿಗೆ ಪಾಲಿಸಿರಬೇಕು. ಅಲ್ಲಿ ಹೇಗೆ ಬದುಕುತ್ತೇವೆ ಎಂಬುದಕ್ಕೆ ಸರಿಯಾದ ಯೋಜನೆ ಇರಬೇಕು. ಇವುಗಳ ಜೊತೆಗೆ, ಅಪರಾಧಕ್ಕೆ ಮೊದಲು ಅಲ್ಲಿ ಒಂದು ವರ್ಷವಾದರೂ ನೆಲೆಸಿದ್ದಿರಬೇಕು, ಇಲ್ಲವೇ ಅಲ್ಲಿ ಸಹಾಯಕ್ಕೆ ನಿಲ್ಲುವ ಹತ್ತಿರದ ಬಂಧು ಇದ್ದು, ಜೀವನೋಪಾಯವೂ ಇರಬೇಕು. ಬಂಧು ಎಂದರೆ ತಂದೆ ತಾಯಿ, ಅಜ್ಜ ಅಜ್ಜಿ, ಗಂಡ ಅಥವಾ ಹೆಂಡತಿ, ವಯಸ್ಸಿಗೆ ಬಂದ ಮಕ್ಕಳು, ಒಡಹುಟ್ಟಿದವರು, ತಂದೆ ತಾಯಿಯ ಒಡಹುಟ್ಟಿದವರು. ದೊಡ್ಡಪ್ಪ, ಸೋದರಮಾವ ಸೇರುತ್ತಾರೆ. ಚಿಕ್ಕಮ್ಮನ ಮಗ, ಸೋದರಮಾವನ ಮಗಳು ಸೇರುವುದಿಲ್ಲ. ನಮ್ಮಲ್ಲಿ ದೊಡ್ಡಮ್ಮನ ಮಕ್ಕಳೂ ಅಣ್ಣ ಅಕ್ಕಂದಿರೇ. ಅರ್ಜಿಯಲ್ಲಿ ಹಾಗೆ ಬರೆದರೆ ಸುಳ್ಳಾಗುತ್ತದೆ. ಇದನ್ನು ಕನ್ನಡದವರು ಗಮನಿಸಬೇಕು ಎಂದೇ ಒತ್ತಿ ಬರೆಯುತ್ತಿದ್ದೇನೆ.

ಆ ಬಂಧು ಅರ್ಜಿ ಹಾಕುವ ಹೊತ್ತಿಗೆ ಆ ರಾಜ್ಯದಲ್ಲಿ 180 ದಿನ ನೆಲೆಸಿರಬೇಕು. ನಾನು ಎಡವಿದ್ದು ಅಲ್ಲಿ. ಷರತ್ತು ಪೂರೈಸದವರಿಗೂ ಎದುರು ರಾಜ್ಯ ತನ್ನ ವಿವೇಚನೆಯಿಂದ ಅನುಮತಿ ಕೊಡಬಹುದು, ಆದರೆ ಆಗ 'ಇಲ್ಲ' ಎನ್ನಲು ಅವರಿಗೆ ಪೂರ್ಣ ಸ್ವಾತಂತ್ರ್ಯ. ಒಮ್ಮೆ 'ಇಲ್ಲ' ಎನಿಸಿಕೊಂಡ ಕಡತವನ್ನು ಮತ್ತೆ ಕಳಿಸುವುದಕ್ಕಿಂತ 52 ದಿನ ಕಾಯುವುದೇ ಮೇಲು ಎಂದು ಅಧಿಕಾರಿಯ ಅಭಿಪ್ರಾಯ. ನಾನು ಕಾದೆ. ಆ ದಿನಗಳಲ್ಲಿ ಅಕ್ಕ ಕರೆಂಟ್ ಬಿಲ್ಲು, ನೀರಿನ ಬಿಲ್ಲು, ಮನೆಯ ಕರಾರುಪತ್ರ ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿ ಕಳಿಸಿದಳು. ಭಾವ ಒಂದು ಗೋದಾಮಿನವರೊಡನೆ ನನ್ನ ಅಪರಾಧವನ್ನು ಮುಚ್ಚಿಡದೆ ಹೇಳಿ, ಬೇಕರಿ ಸಾಮಾನು ಪ್ಯಾಕ್ ಮಾಡುವ ಕೆಲಸದ ಪತ್ರ ತಂದರು. ನನ್ನ ಪರವಾಗಿ ಆ ಮಾತನ್ನು ಹೊರಗಿನವರೆದುರು ಹೇಳಲು ಅವರಿಗೆ ಎಷ್ಟು ಕಷ್ಟವಾಗಿರಬೇಕು ಎಂದು ಆಮೇಲೆ ಅರ್ಥವಾಯಿತು.

2022ರ ಜನವರಿ ಮೊದಲ ವಾರದಲ್ಲಿ ಅರ್ಜಿಗೆ ಸಹಿ ಹಾಕಿದೆ. ಅದರಲ್ಲಿ ಒಂದು ಪುಟವನ್ನು ಅಧಿಕಾರಿ ಗಟ್ಟಿಯಾಗಿ ಓದಿ ಹೇಳಿದರು. ಟೆಕ್ಸಾಸ್ ಕರೆದರೆ ಮರುಮಾತಿಲ್ಲದೆ ಹಿಂತಿರುಗುತ್ತೇನೆ, ಯಾವ ರಾಜ್ಯದಲ್ಲಿದ್ದರೂ ನನ್ನನ್ನು ಹಸ್ತಾಂತರಿಸುವುದನ್ನು ಪ್ರಶ್ನಿಸುವ ಹಕ್ಕನ್ನು ಈಗಲೇ ಬಿಟ್ಟುಕೊಡುತ್ತೇನೆ ಎಂಬ ಪುಟ. ಈ ದೇಶದ ಪೌರತ್ವದ ಪ್ರಮಾಣ ಮಾಡಿದ ದಿನ ಬಲಗೈ ಎತ್ತಿ ಹಕ್ಕುಗಳನ್ನು ಪಡೆದುಕೊಂಡಿದ್ದೆ. ಅದೇ ಕೈಯಿಂದ ಒಂದನ್ನು ಬರೆದುಕೊಟ್ಟೆ.

ಇಲ್ಲಿ ನಿಂತು ಒಂದು ಮಾತು ಹೇಳಲೇಬೇಕು. ನಾನು ಅಮೆರಿಕದ ಪ್ರಜೆಯಾಗಿದ್ದರಿಂದ ಈ ಕಥೆ ಊರು ಬದಲಿಸುವ ಕಥೆಯಾಯಿತು. ಎಚ್-1ಬಿ ವೀಸಾದಲ್ಲೋ ಗ್ರೀನ್ ಕಾರ್ಡಿನಲ್ಲೋ ಇದ್ದಿದ್ದರೆ ದೇಶ ಬಿಡುವ ಕಥೆಯಾಗುತ್ತಿತ್ತು. 10,000 ಡಾಲರ್ ಮೀರಿದ ನಷ್ಟದ ವಂಚನೆ, ಒಂದು ವರ್ಷ ಅಥವಾ ಹೆಚ್ಚಿನ ಸೆರೆವಾಸ ವಿಧಿಸಲಾದ ಕಳ್ಳತನ, ಇವು ವಲಸೆ ಕಾನೂನಿನಲ್ಲಿ ಅತಿ ಗಂಭೀರ ಪಟ್ಟಿಗೆ ಸೇರುತ್ತವೆ. ಸೆರೆವಾಸವನ್ನು ಅಮಾನತಿನಲ್ಲಿಟ್ಟು ಪ್ರೊಬೇಷನ್ ಕೊಟ್ಟರೂ ವ್ಯತ್ಯಾಸವಿಲ್ಲ. ತೀರ್ಪನ್ನು ಮುಂದೂಡಿ, ನಡತೆ ನೋಡಿ ಪ್ರಕರಣ ಕೈಬಿಡುವ ಟೆಕ್ಸಾಸಿನ ಏರ್ಪಾಡನ್ನೂ, ತಪ್ಪೊಪ್ಪಿಗೆ ಇದ್ದರೆ, ವಲಸೆ ಇಲಾಖೆ ಶಿಕ್ಷೆಯೆಂದೇ ಎಣಿಸುತ್ತದೆ. ತಪ್ಪೊಪ್ಪಿಕೊಂಡರೆ ಗಡೀಪಾರಾಗುವ ಅಪಾಯವಿದೆಯೇ ಎಂಬುದನ್ನು ಪ್ರಜೆಯಲ್ಲದ ಕಕ್ಷಿದಾರನಿಗೆ ವಕೀಲರು ತಿಳಿಸಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಪಡಿಲ್ಲಾ ಪ್ರಕರಣದಲ್ಲಿ ಹೇಳಿದೆ. ನಮ್ಮವರು ನಾಚಿಕೆಯಿಂದ ಬೇಗ ಮುಗಿದರೆ ಸಾಕೆಂದು ಸಹಿ ಹಾಕಿಬಿಡುತ್ತಾರೆ. ದಯವಿಟ್ಟು ಹಾಕಬೇಡಿ. ವಲಸೆ ಕಾನೂನು ಬಲ್ಲ ವಕೀಲರನ್ನು ಕಂಡ ಮೇಲೆ ಹಾಕಿ.

ತನಿಖೆ ಮಾಡಿ ಉತ್ತರ ಹೇಳಲು ಎದುರು ರಾಜ್ಯಕ್ಕೆ 45 ದಿನ ಸಮಯ. ಫೆಬ್ರುವರಿಯ ಒಂದು ಸಂಜೆ ಕ್ಯಾರಿಯ ಮನೆಗೆ ಅಧಿಕಾರಿ ಬಂದರು. ಆ ರಾತ್ರಿ ಅಕ್ಕ ಒಂದು ಗಂಟೆ ಫೋನಿನಲ್ಲಿ ಅದನ್ನೇ ಹೇಳಿದಳು. ಬಂದವರು ಹೆಂಗಸು, ಸೊಂಟದಲ್ಲಿ ಬಂದೂಕು, ಬಾಗಿಲ ಬಳಿ ಚಪ್ಪಲಿಗಳನ್ನು ಕಂಡು ತಾವೂ ಬೂಟು ಬಿಚ್ಚಲೇ ಎಂದು ಕೇಳಿದರಂತೆ. ಮೇಲಿನ ಕೋಣೆ ನೋಡಿದರು, ಕಪಾಟು ತೆಗೆದು ನೋಡಿದರು, ಮನೆಯಲ್ಲಿ ಆಯುಧಗಳಿವೆಯೇ ಎಂದು ಕೇಳಿದರು. ಆ ಪ್ರಶ್ನೆ ಬರುತ್ತದೆಂದು ನಾನು ಮೊದಲೇ ಹೇಳಿದ್ದರಿಂದ ಅಕ್ಕ ಹೆದರಿ, ಅಮ್ಮ ತಿಪಟೂರಿನಿಂದ ಕೊಟ್ಟು ಕಳಿಸಿದ್ದ ಈಳಿಗೆಮಣೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಕಾರಿನ ಶೆಡ್ಡಿನಲ್ಲಿ ಬಚ್ಚಿಟ್ಟಿದ್ದಳು.

"ಮನೆಗೆ ಬಂದವರನ್ನು ಒಂದು ಲೋಟ ಕಾಫಿ ಕೊಡದೆ ಕಳಿಸಿದ್ದು ಇದೇ ಮೊದಲು ಕಣೇ" ಎಂದಳು ಅಕ್ಕ. "ಬೇಡ, ನಿಯಮವಿಲ್ಲ ಎಂದರು. ಹೋಗುವಾಗ ಮಾತ್ರ ದೇವರ ಮುಂದಿನ ದೀಪ ನೋಡಿ, ಇದು ದಿನವೂ ಉರಿಯುತ್ತದೆಯೇ ಎಂದು ಕೇಳಿದರು."

"ನೀನು ಏನು ಹೇಳಿದೆ?"

"ಹೌದು ಎಂದೆ. ಮತ್ತೆ, ನನ್ನ ತಂಗಿ ಒಳ್ಳೆಯವಳು ಎಂದೂ ಹೇಳಿದೆ. ಅದನ್ನು ಅವರು ಬರೆದುಕೊಂಡರೋ ಇಲ್ಲವೋ ಗೊತ್ತಾಗಲಿಲ್ಲ."

ಮಾರ್ಚ್ ಮೊದಲ ವಾರ ನನ್ನ ಕೈಗೆ ಒಪ್ಪಿಗೆ ಬಂತು. ಯಾವ ದಿನ ಹೊರಡಬೇಕು, ಯಾವ ಕಚೇರಿಯಲ್ಲಿ ಎಷ್ಟು ಹೊತ್ತಿಗೆ ಹಾಜರಾಗಬೇಕು ಎಂದು ಬರೆದ ಹಾಳೆ. ಭಾವ ವಿಮಾನದಲ್ಲಿ ಬಂದು ನನ್ನ ಕಾರನ್ನು ಓಡಿಸಿದರು. ಶ್ರೀವ್‌ಪೋರ್ಟ್, ಜಾಕ್ಸನ್, ಬರ್ಮಿಂಗ್‌ಹ್ಯಾಮ್, ಅಟ್ಲಾಂಟಾ ದಾಟಿ ಸುಮಾರು 1,200 ಮೈಲಿ, ಎರಡು ದಿನ. ಪ್ರಯಾಣದ ಅನುಮತಿ ಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತೊಡೆಯ ಮೇಲಿಟ್ಟುಕೊಂಡಿದ್ದೆ. ಸಬೈನ್ ನದಿಯನ್ನೂ ಲೂಸಿಯಾನಾದ ಗಡಿಯನ್ನೂ ದಾಟುವಾಗ ನನಗೆ ಅರಿವಿಲ್ಲದೆ ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದೆನಂತೆ. ಭಾವ ಅದನ್ನು ಬಹಳ ದಿನಗಳ ಮೇಲೆ ಹೇಳಿದರು.

ಮುಂದೆ ಅರ್ಜಿ ಹಾಕುವವರಿಗೆ ಎರಡು ವಿಷಯ. ತೀರ್ಪು ಬರುವ ಹೊತ್ತಿಗೇ ನೀವು ಬೇರೆ ರಾಜ್ಯದಲ್ಲಿ ವಾಸವಾಗಿದ್ದರೆ ದಾರಿ ಚಿಕ್ಕದು, ತನಿಖೆ ಮುಗಿಯುವ ಮೊದಲೇ ಮನೆಗೆ ಮರಳಲು ಸೂಚನೆ ಪಡೆಯಬಹುದು. ಅದನ್ನು ಶಿಕ್ಷೆಯಾದ ದಿನವೇ ಕೇಳಬೇಕು. ಇನ್ನು, ನೆಲೆ ಬದಲಿಸುವುದು ಎಂದರೆ ಒಂದು ವರ್ಷದಲ್ಲಿ ಸತತ 45 ದಿನಕ್ಕಿಂತ ಹೆಚ್ಚು ಬೇರೆ ರಾಜ್ಯದಲ್ಲಿ ಇರುವುದು ಎಂದು ಒಪ್ಪಂದ ಹೇಳುತ್ತದೆ. ಇದನ್ನು ಓದಿ 45 ದಿನ ಎಲ್ಲಿಗಾದರೂ ಹೋಗಬಹುದು ಎಂದುಕೊಳ್ಳುವವರಿದ್ದಾರೆ. ಒಂದು ದಿನಕ್ಕೆ ಹೋಗುವುದಕ್ಕೂ ನಿಮ್ಮ ಅಧಿಕಾರಿ ಏನು ಹೇಳುತ್ತಾರೋ ಅದೇ ನಿಯಮ.

ಕ್ಯಾರಿಯ ಜೀವನ ಹಗುರವಾಗಿತ್ತು ಎಂದರೆ ಸುಳ್ಳು. ರಾತ್ರಿ ಪಾಳಿ ಮುಗಿಸಿ ಹಿಟ್ಟಿನ ಧೂಳು ಮೆತ್ತಿಕೊಂಡು ಬೆಳಗ್ಗೆ ಆರೂವರೆಗೆ ಮನೆಗೆ ಬರುತ್ತಿದ್ದೆ. ಅಕ್ಕ ಎದ್ದು ಕಾಯುತ್ತಿದ್ದಳು. ಊರಿನ ವೆಂಕಟೇಶ್ವರ ದೇವಸ್ಥಾನಕ್ಕೆ ಮೊದಲ ವರ್ಷ ಹೋಗಲೇ ಇಲ್ಲ. ಅಲ್ಲಿ ಕನ್ನಡದವರು ಸಿಗುತ್ತಾರೆ, 'ನೀವು ಎಲ್ಲಿ ಕೆಲಸ ಮಾಡುತ್ತಿದ್ದೀರಿ, ಯಜಮಾನರು ಎಲ್ಲಿ' ಎಂದು ಪ್ರೀತಿಯಿಂದಲೇ ಕೇಳುತ್ತಾರೆ. ಉತ್ತರ ಹೇಳುವ ಧೈರ್ಯ ಇರಲಿಲ್ಲ. ಊರಿನಲ್ಲಿ ಅಮ್ಮನಿಗೂ ಹೇಳಿರಲಿಲ್ಲ. ವಿದೇಶ ಪ್ರಯಾಣಕ್ಕೆ ನ್ಯಾಯಾಲಯದ ಅನುಮತಿ ಬೇಕು ಎನ್ನುವ ಬದಲು, ಕೋವಿಡ್ ಎಂದೆ, ರಜೆ ಇಲ್ಲ ಎಂದೆ, ಟಿಕೆಟ್ ದುಬಾರಿ ಎಂದೆ. ಹೀಗೆ ಒಂದು ಕಳ್ಳತನಕ್ಕೆ ಎಷ್ಟೋ ಸುಳ್ಳುಗಳು ಜೊತೆಯಾದವು.

ಆದರೆ ಸಂಬಳ ಹೆಚ್ಚಾಗಿತ್ತು, ಬಾಡಿಗೆ ಇರಲಿಲ್ಲ. ಮೇಲ್ವಿಚಾರಣೆಯ ಶುಲ್ಕ ಇಲ್ಲಿಗೆ, ನಷ್ಟಭರ್ತಿ ಟೆಕ್ಸಾಸಿಗೆ. ಎದುರು ರಾಜ್ಯ ಒಪ್ಪಿಕೊಂಡ ಮೇಲೆ ಹಳೆಯ ರಾಜ್ಯ ಮೇಲ್ವಿಚಾರಣೆಯ ಶುಲ್ಕ ಕೇಳುವಂತಿಲ್ಲ, ಆದರೆ ದಂಡ, ನಷ್ಟಭರ್ತಿ ವಸೂಲಿ ಅದರದೇ ಜವಾಬ್ದಾರಿ. ಟೆಕ್ಸಾಸಿನಲ್ಲಿ 390ರಂತೆ 12 ಕಂತು ಮುಗಿಸಿ ಬಂದಿದ್ದೆ. ಏಪ್ರಿಲ್‌ನಿಂದ ಅದನ್ನು ಮೂರು ಪಟ್ಟು ಮಾಡಿ 1,170 ಡಾಲರ್ ಕಟ್ಟತೊಡಗಿದೆ. ರಸೀದಿಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತಿದ್ದೆ.

ಒಂದು ವರ್ಷ ಕಳೆಯುವ ಹೊತ್ತಿಗೆ ಇಲ್ಲಿಯ ಅಧಿಕಾರಿಗೆ ನನ್ನ ಮೇಲೆ ನಂಬಿಕೆ ಬಂದಿತ್ತು. ಅವಧಿಗೆ ಮೊದಲೇ ಮುಗಿಸಲು ಸಾಧ್ಯವೇ ಎಂದು ಅವರನ್ನೇ ಕೇಳಿದೆ. ಅವರು ಹೇಳಿದ್ದು ಇಷ್ಟು: "ನೀವು ಹೇಗೆ ಬದುಕುತ್ತಿದ್ದೀರಿ ಎಂದು ನಾನು ಬರೆಯಬಲ್ಲೆ. ಎಷ್ಟು ದಿನ ಹೀಗೆ ಬದುಕಬೇಕು ಎಂಬುದು ಟೆಕ್ಸಾಸಿನ ಕೈಯಲ್ಲಿದೆ." ದಿನವೂ ನನ್ನನ್ನು ನೋಡುವವರಿಗೆ ಬಿಡುಗಡೆ ಮಾಡುವ ಅಧಿಕಾರವಿಲ್ಲ. ಅಧಿಕಾರವಿರುವ ನ್ಯಾಯಾಧೀಶರು ನನ್ನನ್ನು ಕಂಡು ಎರಡು ವರ್ಷವಾಗಿದೆ. ಊರು ಬದಲಿಸಿದವರು ಮೊದಲು ಅರಿತುಕೊಳ್ಳಬೇಕಾದದ್ದು ಇದನ್ನೇ.

ಟೆಕ್ಸಾಸಿನ ವಕೀಲರೊಬ್ಬರು ಲೆಕ್ಕ ವಿವರಿಸಿದರು. ಅಲ್ಲಿಯ ದಂಡಪ್ರಕ್ರಿಯಾ ಸಂಹಿತೆಯ 42ಎ ಅಧ್ಯಾಯದ ಪ್ರಕಾರ, ಅವಧಿಯ ಮೂರನೇ ಒಂದು ಭಾಗ ಅಥವಾ ಎರಡು ವರ್ಷ, ಯಾವುದು ಕಡಿಮೆಯೋ ಅಷ್ಟು ಮುಗಿದ ಮೇಲೆ ನ್ಯಾಯಾಧೀಶರು ಪ್ರೊಬೇಷನ್ ಮೊಟಕುಗೊಳಿಸಬಹುದು. ನನಗೆ ಅದು 20 ತಿಂಗಳು, ಆಗಲೇ ದಾಟಿತ್ತು. ಅರ್ಧ ಅವಧಿ ಅಥವಾ ಎರಡು ವರ್ಷ, ಯಾವುದು ಹೆಚ್ಚೋ ಅಷ್ಟು ಮುಗಿದರೆ, ಹಣ ಬಾಕಿ ಇಲ್ಲದವರ ಕಡತವನ್ನು ಅವರು ಪರಿಶೀಲಿಸಲೇಬೇಕು. ಅದು 30 ತಿಂಗಳು, ಅಂದರೆ 2023ರ ಸೆಪ್ಟೆಂಬರ್. ಕುಡಿದು ವಾಹನ ಓಡಿಸಿದ ಪ್ರಕರಣಗಳು, ಲೈಂಗಿಕ ಅಪರಾಧಿಗಳ ನೋಂದಣಿಗೆ ಸೇರುವ ಪ್ರಕರಣಗಳು, ಕೆಲವು ಘೋರ ಅಪರಾಧಗಳು ಇದಕ್ಕೆ ಒಳಪಡುವುದಿಲ್ಲ. "ಈಗಲೇ ಅರ್ಜಿ ಹಾಕಬಹುದು. ಆದರೆ ಆ ಮುದುಕರಿಗೆ ಇನ್ನೂ ಹಣ ಕೊಡಬೇಕಾಗಿರುವಾಗ ನಿಮ್ಮನ್ನು ಬಿಡಿ ಎಂದು ನಾನು ಯಾವ ಮುಖ ಇಟ್ಟುಕೊಂಡು ಕೇಳಲಿ?" ಎಂದರು. ಅವರ ಆ ಮಾತಿಗೆ ನಾನು ಋಣಿ.

ಬೇರೆ ಕಡೆಯ ನಿಯಮ ಬೇರೆ. ಫೆಡರಲ್, ಅಂದರೆ ಕೇಂದ್ರದ ನ್ಯಾಯಾಲಯದ ಪ್ರೊಬೇಷನ್ ಆದರೆ ಫೆಲನಿಗೂ ಒಂದು ವರ್ಷದ ನಂತರ ಕೇಳಬಹುದು. ಕ್ಯಾಲಿಫೋರ್ನಿಯಾದಲ್ಲಿ 2021ರ ಜನವರಿಯಿಂದ ಹೆಚ್ಚಿನ ಫೆಲನಿಗಳಿಗೆ ಪ್ರೊಬೇಷನ್ ಎರಡೇ ವರ್ಷ. ನೆರೆಮನೆಯವರ ಅನುಭವದ ಮೇಲೆ ನಿಮ್ಮ ಲೆಕ್ಕ ಹಾಕಬೇಡಿ, ನನ್ನದರ ಮೇಲೂ ಹಾಕಬೇಡಿ.

2023ರ ಜುಲೈ ತಿಂಗಳಲ್ಲಿ ಹದಿನಾರನೆಯ 1,170 ಡಾಲರ್ ಕಟ್ಟಿದೆ. ಬಾಕಿ ಸೊನ್ನೆ. ಆ ರಸೀದಿಯನ್ನು ಅಕ್ಕ ದೇವರ ಮುಂದೆ ಇಟ್ಟಳು. ನನಗೆ ಅದು ಸರಿ ಎನಿಸಲಿಲ್ಲ, ತೆಗೆದು ಡಬ್ಬಿಗೆ ಹಾಕಿದೆ. ಅದು ವರವಲ್ಲ, ಬೇರೆಯವರದನ್ನು ಬೇರೆಯವರಿಗೆ ಕೊಟ್ಟದ್ದು.

ಸೆಪ್ಟೆಂಬರ್‌ನಲ್ಲಿ ವಕೀಲರು ಅರ್ಜಿ ಸಲ್ಲಿಸಿದರು. ರಸೀದಿಗಳು, ಗೋದಾಮಿನ ಮೇಲ್ವಿಚಾರಕರ ಪತ್ರ, ಉತ್ತರ ಕೆರೊಲಿನಾದ ಅಧಿಕಾರಿಯ ವರದಿ, ಆಹಾರ ಉಗ್ರಾಣದ ಗಂಟೆಗಳ ದಾಖಲೆ. ಸರ್ಕಾರಿ ವಕೀಲರಿಗೆ ನೋಟಿಸ್ ಹೋಯಿತು. ಅವರು ಅಂಗಡಿಯ ಯಜಮಾನರನ್ನು ವಿಚಾರಿಸಿದರು. ಅವರನ್ನು ನಾನು ಸಂಪರ್ಕಿಸುವಂತಿಲ್ಲ ಎಂಬುದು ಮೊದಲ ದಿನದ ಷರತ್ತು, ಆದ್ದರಿಂದ ಅವರು ಏನು ಹೇಳುತ್ತಾರೆ ಎಂದು ಆರು ವಾರ ಕಾದೆ. ವಿರೋಧವಿಲ್ಲ ಎಂದಿದ್ದರು. ಅಷ್ಟೇ. ಕ್ಷಮಿಸಿದ್ದೇನೆ ಎಂದಿರಲಿಲ್ಲ, ನಾನು ಅದನ್ನು ಕೇಳುವ ಸ್ಥಾನದಲ್ಲೂ ಇರಲಿಲ್ಲ.

ನವೆಂಬರ್‌ನಲ್ಲಿ ಪ್ರಯಾಣದ ಅನುಮತಿ ಪಡೆದು ಟೆಕ್ಸಾಸಿಗೆ ಹೋದೆ. ಅದೇ ಕೊಠಡಿ, ಅದೇ ನ್ಯಾಯಾಧೀಶರು. ಹತ್ತು ನಿಮಿಷವೂ ಹಿಡಿಯಲಿಲ್ಲ. ಅವರು ಕಡತ ತಿರುವಿ, "ಎಷ್ಟು ಬಾಕಿ?" ಎಂದರು. ವಕೀಲರು ಬಾಯಿ ತೆರೆಯುವಷ್ಟರಲ್ಲಿ, "ನಾನು ಈಕೆಯನ್ನು ಕೇಳುತ್ತಿದ್ದೇನೆ" ಎಂದರು. "ಬಾಕಿ ಇಲ್ಲ" ಎಂದೆ. ಪ್ರೊಬೇಷನ್ ಅಂದಿಗೆ ಮುಗಿಯಿತೆಂದು ಸಹಿ ಹಾಕಿದರು.

ವಕೀಲರು ಇನ್ನೊಂದನ್ನೂ ಕೇಳಿದ್ದರು. ಬಿಡುಗಡೆ ಮಾಡುವಾಗ ನ್ಯಾಯಾಧೀಶರು ಮನಸ್ಸು ಮಾಡಿದರೆ ಅಪರಾಧ ನಿರ್ಣಯವನ್ನೇ ಬದಿಗಿಟ್ಟು ಪ್ರಕರಣವನ್ನು ವಜಾ ಮಾಡಬಹುದು. ಅದು ಪೂರ್ಣವಾಗಿ ಅವರ ವಿವೇಚನೆ. ಅವರು ಒಪ್ಪಲಿಲ್ಲ. ಕೈಗೆ ಬೀಗದ ಕೈ ಕೊಟ್ಟವರಿಗೆ ಮಾಡಿದ ಮೋಸವನ್ನು ಮುಂದೆ ಕೆಲಸ ಕೊಡುವವರು ತಿಳಿದಿರಬೇಕು ಎಂದರು. ಯಜಮಾನರ ಆ ಮಾತನ್ನು ಅವರೂ ಮರೆತಿರಲಿಲ್ಲ. ಹಾಗಾಗಿ ಫೆಲನಿ ಉಳಿದಿದೆ. ಅರ್ಜಿಗಳಲ್ಲಿ ಈಗಲೂ 'ಹೌದು' ಎಂದೇ ಬರೆಯುತ್ತೇನೆ. ಅವಧಿಗೆ ಮೊದಲು ಮುಗಿಯುವುದು ಬೇರೆ, ಅಳಿಸಿ ಹೋಗುವುದು ಬೇರೆ. ಅಂದು ಹೊರಗೆ ಬಂದು ಅತ್ತೆ. ಈಗ ಯೋಚಿಸಿದರೆ ಅವರು ಮಾಡಿದ್ದು ನ್ಯಾಯ ಎನಿಸುತ್ತದೆ.

ಮತದಾನದ ಹಕ್ಕು ಮರಳಿತು. ಫೆಲನಿಯ ಪ್ರೊಬೇಷನ್ ಮುಗಿಯುವವರೆಗೆ ಟೆಕ್ಸಾಸಿನಲ್ಲೂ ಉತ್ತರ ಕೆರೊಲಿನಾದಲ್ಲೂ ಮತ ಹಾಕುವಂತಿಲ್ಲ, ಮುಗಿದ ಮೇಲೆ ಹಾಕಬಹುದು. 2024ರ ಮಾರ್ಚ್ 5ರಂದು ಪ್ರಾಥಮಿಕ ಚುನಾವಣೆಯಲ್ಲಿ ಅಕ್ಕನ ಜೊತೆ ಸರತಿಯಲ್ಲಿ ನಿಂತು ಹಾಕಿದೆ.

ಆ ಏಪ್ರಿಲ್‌ನಲ್ಲಿ ತಿಪಟೂರಿಗೆ ಹೋದೆ. ದಾಖಲೆಗಳು ಎಲ್ಲ ಕಡೆ ಒಂದೇ ವೇಗದಲ್ಲಿ ಬದಲಾಗುವುದಿಲ್ಲ, ಆದೇಶದ ದೃಢೀಕೃತ ಪ್ರತಿ ಕೈಯಲ್ಲಿರಲಿ ಎಂದು ವಕೀಲರು ಹೇಳಿದ್ದರಿಂದ ಆ ಎರಡು ಹಾಳೆ ನನ್ನ ಕೈಚೀಲದಲ್ಲಿದ್ದವು. ಮೂರನೆಯ ದಿನ ಮಧ್ಯಾಹ್ನ ಅಮ್ಮ ಹಿತ್ತಿಲಿನಲ್ಲಿ ಕೊಬ್ಬರಿ ಬಿಸಿಲಿಗೆ ಹಾಕುತ್ತಿದ್ದಾಗ ಎಲ್ಲವನ್ನೂ ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ. ಎಲ್ಲ ಹೋಳುಗಳನ್ನೂ ಬೋರಲು ಹಾಕಿ ಮುಗಿಸಿ, ಸೆರಗಿನಿಂದ ಕೈ ಒರೆಸಿಕೊಂಡು, "ಅವರ ದುಡ್ಡು ಪೂರ್ತಿ ಕೊಟ್ಟೆಯಾ?" ಎಂದಳು.

"ಕೊಟ್ಟೆನಮ್ಮ."

"ಆ ಕಾಗದ ತಾ. ಏನು ಬರೆದಿದ್ದಾರೆ ಓದಿ ಹೇಳು."

ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಜಗುಲಿಯ ಮೇಲೆ ಕುಳಿತು ಸಾಲು ಸಾಲಾಗಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಮೂರು ವರ್ಷ ದಿನವೂ ಬಳಸಿದ ಪದಗಳು, ಒಂದಕ್ಕೂ ನನ್ನ ನಾಲಿಗೆಯಲ್ಲಿ ಕನ್ನಡವಿರಲಿಲ್ಲ. ನಷ್ಟಭರ್ತಿ ಎಂದಾಗ ಅವಳಿಗೆ ತಿಳಿಯಿತು. ಪ್ರೊಬೇಷನ್ ಎಂದಾಗ ತಿಳಿಯಲಿಲ್ಲ, "ಕಣ್ಣಳತೆಯಲ್ಲಿ ಇಟ್ಟುಕೊಂಡಿದ್ದರು" ಎಂದೆ. "ಅಪರಾಧ ನಿರ್ಣಯ ಹಾಗೆಯೇ ಇರುತ್ತದೆ" ಎಂಬ ಸಾಲಿಗೆ ಬಂದಾಗ ಇನ್ನೊಮ್ಮೆ ಹೇಳು ಎಂದಳು. ಹೇಳಿದೆ. ಸಂಜೆ ಅವಳ ದಿನಸಿ ಲೆಕ್ಕದ ಪುಸ್ತಕದ ಹಿಂಭಾಗದಲ್ಲಿ ಅದನ್ನೆಲ್ಲ ಕನ್ನಡದಲ್ಲಿ ಬರೆದಿಟ್ಟೆ, ಬೇಕಾದಾಗ ಓದಿಕೊಳ್ಳಲಿ ಎಂದು. ಈ ಬರಹದ ಮೊದಲ ಸಾಲುಗಳು ಆ ಪುಸ್ತಕದಲ್ಲಿವೆ.